ಕಾಕಾನ ಫಿಯಟ್‌ಗೆ ಬೂಸ್ಟರ್ ಬೇಕಾ?

ತಮ್ಮಾ, ನಿನ್ನ ಮೆಸೇಜ್ ಈಗ ಕೇಳಿದೆ. ಕಾಕಾನ 1967ರ ಫಿಯಟ್‌ಗೆ ಪವರ್ ಬ್ರೇಕ್, ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್, ಹಾಕಿಸಬೇಕಾ, ಇದ್ದದ್ದೇ ಇರಲಾ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಬ್ರೇಕ್ ಪೆಡಲ್ ಗಟ್ಟಿ ಆಗಿದೆ ಅಂತಲೂ ಹೇಳಿದ್ದೀಯ. ಆ ಗಾಡಿ 900 ಕಿಲೋ ಆಸುಪಾಸು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ತಿರುಗುವಾಗ, ಒಳಗಿನಿಂದ ಅದಕ್ಕೆ ಒತ್ತುವ ಬ್ರೇಕ್ ಶೂವನ್ನು ತಾನೇ ಎಳೆದುಕೊಂಡು ಬಿಗಿ ಮಾಡುತ್ತದೆ. ಡಿಸ್ಕ್ ಬ್ರೇಕಿಗೆ ಈ ಗುಣ ಇಲ್ಲ, ಅದಕ್ಕೇ ಅಲ್ಲಿ ಬೂಸ್ಟರ್ ಜಾಸ್ತಿ ಬೇಕಾಗುವುದು. ನಾವೆಲ್ಲ ಗಾಣಗಾಪುರಕ್ಕೆ ಇದೇ ಗಾಡಿಯಲ್ಲಿ ಹೋಗುತ್ತಿದ್ದಾಗ ಪೆಡಲ್ ಹೀಗಿರಲಿಲ್ಲ ಅಲ್ವಾ? ಅಂದರೆ ಈಗ ಏನೋ ಕೆಟ್ಟಿದೆ. ಶೂ ತಳ್ಳುವ ವೀಲ್ ಸಿಲಿಂಡರ್ ಹಿಡಿದುಕೊಂಡಿರಬಹುದು, ಶೂ ಮೇಲಿನ ಲೈನರ್ ಗಾಜಿನ ಹಾಗೆ ನುಣುಪಾಗಿರಬಹುದು, ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್ ಒಳಗೇ ಉಬ್ಬಿರಬಹುದು. ಮೊದಲು ಅದನ್ನು ನೋಡಿಸು.

ಬೂಸ್ಟರ್ ಇಂಜಿನ್ ಗಾಳಿ ಎಳೆಯುವ ಬಲದಿಂದ ಕೆಲಸ ಮಾಡುತ್ತದೆ. ಹಳೇ ಇಂಜಿನ್ ಸವೆದಿದ್ದರೆ ಆ ಎಳೆತವೇ ಕಡಿಮೆ. ಬೂಸ್ಟರಿನ ಪೈಪ್ ಸೀಳಿದರೆ ಐಡ್ಲಿಂಗೂ ಕೆಡುತ್ತದೆ. ಇನ್ನೊಂದು ಮಾತು, ಅದು ಒತ್ತುವ ಬಲವನ್ನಷ್ಟೇ ಹೆಚ್ಚಿಸುತ್ತದೆ. ಡ್ರಮ್ ಕಾದು ಹಿಡಿತ ಬಿಟ್ಟರೆ ಅದೇನೂ ಮಾಡಲಾರದು. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಸೇಡಂ ರಸ್ತೆಗೆ ಎರೆ ಮಣ್ಣು ತಂದು ಹಾಕಿರುತ್ತವೆ, ಒಳ್ಳೇ ಸೋಪು ಹಚ್ಚಿದ ಹಾಗೆ. ಅಲ್ಲಿ ಪೆಡಲ್ ತೀರಾ ಹಗುರಾಗಿದ್ದರೆ, ಕಾಲು ಮುಟ್ಟಿಸುವಷ್ಟರಲ್ಲಿ ಚಕ್ರ ತಿರುಗದೆ ನಿಂತು ಗಾಡಿ ಜಾರುತ್ತದೆ. ಈಗಿನ ಪೆಡಲ್ ಆದರೆ ಎಷ್ಟು ಒತ್ತಿದೆ ಅಂತ ಕಾಲಿಗೇ ಗೊತ್ತಾಗುತ್ತದೆ.

ನನಗೆ ನಿಜವಾಗಿ ಹೆದರಿಕೆ ಇರುವುದು ಮಾಸ್ಟರ್ ಸಿಲಿಂಡರ್ ಬಗ್ಗೆ, ಅಂದರೆ ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಭಾಗ. ಅದು ಒಂದೇ ಲೈನಿನದು. ಒಂದು ಚಕ್ರದಲ್ಲಿ ಆಯಿಲ್ ಸೋರಿದರೂ ನಾಲ್ಕೂ ಹೋಗುತ್ತವೆ. ನನಗೇ ಒಮ್ಮೆ ಹಾಗಾಗಿತ್ತು, ಶಹಾಬಾದ್ ಕಲ್ಲು ಹೇರಿದ ಲಾರಿ ಹಿಂದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್ ಬ್ರೇಕಿಗೆ ಬೇರೆ ಕೇಬಲ್ ಇರುತ್ತದೆ, ಅದನ್ನು ಎಳೆದು, ಗೇರ್ ಇಳಿಸಿ ಉಳಿದೆ. ಮಕ್ಕಳು ಹಿಂದೆ ಕೂತಿದ್ದರು. ಇವತ್ತಿಗೂ ನೆನೆದರೆ ಕೈ ನಡುಗುತ್ತದೆ. ಬೂಸ್ಟರಿಗೆ ಎತ್ತಿಟ್ಟ ದುಡ್ಡನ್ನು ಮುಂದಿನ ಚಕ್ರಕ್ಕೆ ಬೇರೆ, ಹಿಂದಿನದಕ್ಕೆ ಬೇರೆ ಲೈನ್ ಇರುವ ಮಾಸ್ಟರ್ ಸಿಲಿಂಡರಿಗೆ ಹಾಕು. ಅಳತೆ ಸರಿಯಾಗಿ ಹೊಂದಬೇಕು, ಅದು ಗೊತ್ತಿರುವವರ ಕೈಗೇ ಕೊಡು.

ಕಾಕಾನ ಮೊಣಕಾಲು ನೋವು ನನಗೂ ಗೊತ್ತು. ಇಷ್ಟೆಲ್ಲ ಮಾಡಿಸಿದ ಮೇಲೂ ಅವರಿಗೆ ಒತ್ತುವುದು ಕಷ್ಟ ಆದರೆ ಲೈನಿನ ಮಧ್ಯೆ ಕೂರಿಸುವ ಸಣ್ಣ ಬೂಸ್ಟರ್ ಹಾಕಿಸೋಣ, ಆಗ ನಾನು ಬೇಡ ಅನ್ನುವುದಿಲ್ಲ. ಅವರ ಕಾಲಿಗೆ ಹೊಂದುವುದೇ ಮುಖ್ಯ.

ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಬದಲಿಸಿದ್ದು ಅಂತ ಕಾಕಾನನ್ನು ಕೇಳು. ಅದು ಗಾಳಿಯ ತೇವ ಕುಡಿಯುತ್ತದೆ. ಎರಡು ವರ್ಷ ದಾಟಿದ್ದರೆ ಎಲ್ಲಾ ತೆಗೆದು ಹೊಸದು ತುಂಬಿಸಬೇಕು. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಬರುತ್ತೇನೆ, ಜಾಕ್ ತೆಗೆದಿಡು. ಅಲ್ಲಿವರೆಗೆ ಗಾಡಿ ಹೊರಗೆ ತೆಗೆಯಬೇಡಿ.