‘ನೆಲ ಬಿಟ್ಟಿತು, ಏಳಲಿಲ್ಲ’: ಟೇಕಾಫ್‌ಗೆ ಈ ಮಾತು ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹೊಲಕ್ಕೆ ಔಷಧಿ ಹೊಡೆಯುವ ವಿಮಾನವೊಂದು ಅಮೆರಿಕದಲ್ಲಿ ಟೇಕಾಫ್ ಹೊತ್ತಿಗೆ ಬಿದ್ದ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು.

ವಿಮಾನದ ಹೆಸರಿನಲ್ಲೇ ಮೊದಲು ತಡವರಿಸಿದೆ. ಇಂಗ್ಲಿಷಿನಲ್ಲಿ ಅದು ‘ದೂಳು ಎರಚುವ’ ವಿಮಾನ. 1921ರಲ್ಲಿ ಒಹಾಯೊದಲ್ಲಿ ಮೊದಲ ಸಲ ಎರಚಿದ್ದು ಪುಡಿಯನ್ನೇ. ಈಗ ಹೆಚ್ಚಾಗಿ ದ್ರಾವಣ, ಹಳೇ ಹೆಸರು ಉಳಿದಿದೆ ಅಷ್ಟೆ. ‘ಮದ್ದು ಹೊಡೆಯುವ ವಿಮಾನ’ ಅಂತ ಬರೆದು ನೋಡಿದೆ. ಕೋವಿಗೆ ತುಂಬುವುದೂ ಮದ್ದೇ ಅಲ್ವಾ? ಯುದ್ಧದ ವಿಮಾನ ಅನ್ನಿಸಿಬಿಡುತ್ತದೆ. ಹಾಗಾಗಿ ‘ಔಷಧಿ’ಯನ್ನೇ ಇಟ್ಟುಕೊಂಡೆ.

ನಿಜವಾದ ತೊಡಕು ಟೇಕಾಫ್‌ನದು. ‘ಮೇಲೇರುವಾಗ ಬಿದ್ದಿತು’ ಅಂತ ಬರೆದರೆ ತಪ್ಪಾಗುತ್ತದೆ, ಯಾಕೆಂದರೆ ಅದು ಮೇಲೇರಲೇ ಇಲ್ಲ. ಇಂಥ ದೊಡ್ಡ ವಿಮಾನದ ತೊಟ್ಟಿ 3,000 ಲೀಟರ್ ಹಿಡಿಯುತ್ತದೆ. ನಾವು ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸುವ 100 ಲೀಟರಿನ ಲೆಕ್ಕದಲ್ಲಿ 30 ಡ್ರಮ್ಮು! ಬಿಸಿಲು ಜಾಸ್ತಿಯಾದರೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಆ ಭಾರ ಎತ್ತುವ ಬಲ ಸಾಲುವುದಿಲ್ಲ. ನೆಲಕ್ಕೆ ತೀರಾ ಹತ್ತಿರ ಇರುವಷ್ಟು ಹೊತ್ತು ಹೇಗೋ ತೇಲುತ್ತದೆ, ಚಕ್ರವೂ ನೆಲ ಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಹೋಗಲಾರದು. ಈ ವಿಮಾನವೂ ಹಾಗೇ ಹೋಗಿ ಬೇಲಿಗೆ ಬಡಿದಿದೆ.

ಈ ಎರಡು ಗಳಿಗೆಗಳನ್ನು ಬೇರೆಬೇರೆಯಾಗಿ ಹೇಳುವ ಮಾತು ನನಗೆ ಸಿಕ್ಕಿದ್ದು ಮಂಡಗದ್ದೆಯಲ್ಲಿ. ತುಂಗೆಯ ಮೇಲೆ ನೀರುಕಾಗೆಯೊಂದು ಹಾರಲು ಹೊರಟಿತ್ತು. ಕಾಲಲ್ಲಿ ನೀರು ಬಡಿಯುತ್ತಾ ಪಟಪಟ ಓಡಿತು. ಕಾಲು ಮೇಲಾದರೂ ಹೊಟ್ಟೆ ಇನ್ನೂ ನೀರಿಗೆ ತಾಗುವ ಹಾಗೇ ಇತ್ತು. ಪಕ್ಕದಲ್ಲಿದ್ದ ಅಜ್ಜ ಅಂದರು: “ನೀರು ಬಿಡ್ತು, ಇನ್ನೂ ಎದ್ದಿಲ್ಲ... ಹಾಂ, ಈಗ ಎದ್ತು.”

ಅದನ್ನೇ ಹಿಡಿದು ‘ವಿಮಾನ ನೆಲ ಬಿಟ್ಟಿತು, ಏಳಲಿಲ್ಲ’ ಅಂತ ಬರೆದಿದ್ದೇನೆ. ‘ಉಡ್ಡಯನ’ದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಹಕ್ಕಿಗೆ ಹೇಳುವ ‘ಏಳು’ ವಿಮಾನಕ್ಕೂ ಹೊಂದುತ್ತದೆ ಎಂದು ನನಗನ್ನಿಸುತ್ತದೆ. ನಿಮ್ಮ ಕಡೆ ಏನನ್ನುತ್ತೀರಿ?

ಇನ್ನೊಂದು. ಅಪಾಯ ಕಂಡಾಗ ಪೈಲಟ್ ಒಂದು ಹಿಡಿಕೆಯನ್ನು ಸರಿಸಿದರೆ ತೊಟ್ಟಿಯ ಬಾಗಿಲು ತೆರೆದು ಅಷ್ಟೂ ಔಷಧಿ ಕೆಲವೇ ಸೆಕೆಂಡಿನಲ್ಲಿ ಕೆಳಗೆ ಹೋಗುತ್ತದೆ. ‘ಸುರಿದುಬಿಟ್ಟ’ ಅಂದರೆ ಸಾಕೇ? ಭಾರ ಇಳಿಸಿಕೊಳ್ಳಲೆಂದೇ ಸುರಿದದ್ದು ಅನ್ನುವುದು ಅದರಲ್ಲಿ ಬರುತ್ತದೆಯೇ?