ಚಾವಡಿಯ ಪಾರ್ಟಿಷನ್: ಫ್ರೀಕ್ಯಾಡ್ ಗೊತ್ತಿದ್ದವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಉಡುಪಿಯ ನಮ್ಮ ಮನೆಯಲ್ಲಿ ಚಾವಡಿಗೂ ಊಟದ ಜಾಗಕ್ಕೂ ನಡುವೆ ಪ್ಲೈವುಡ್ ಪಟ್ಟಿಗಳ ಪಾರ್ಟಿಷನ್ ಮಾಡಿಸಬೇಕು. ಅಗಲ 2100 ಮಿ.ಮೀ., ಎತ್ತರ 2400. ಊಟಕ್ಕೆ ಕೂತಲ್ಲಿಂದ ದೇವರ ದೀಪ ಕಾಣಲೇಬೇಕು ಅಂತ ಅಮ್ಮ ಹೇಳಿದ್ದಾರೆ. ಹಾಗಾಗಿ ಗೋಡೆಯ ಬದಿ ಪಟ್ಟಿಗಳು ದಟ್ಟ, ದೀಪದ ಬದಿ ವಿರಳ.

ದಪ್ಪ, ಅಂತರ, ಸಂಖ್ಯೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುವ ತಂತ್ರಾಂಶವಾದ ಫ್ರೀಕ್ಯಾಡ್‌ನ ಸ್ಪ್ರೆಡ್‌ಶೀಟ್‌ಗೆ ಜೋಡಿಸಿದ್ದೇನೆ. 18 ಮಿ.ಮೀ. ಅಂತ ತಂದ ಹಲಗೆ ಕ್ಯಾಲಿಪರ್ ಹಿಡಿದರೆ 17.3! ಆ ಒಂದು ಸಂಖ್ಯೆ ತಿದ್ದಿದ ಕೂಡಲೇ ಪಟ್ಟಿಗಳು ಕೂರುವ ಅಡ್ಡಪಟ್ಟಿಯ ಕಚ್ಚುಗಳೆಲ್ಲ ತಾವಾಗಿ ಕಿರಿದಾದವು, ನೋಡಿ ತುಂಬಾ ಖುಷಿಯಾಯಿತು. ಸಿಕ್ಕಿಬಿದ್ದಿರುವುದು ಅಂತರದಲ್ಲಿ. ನಾನು ಹಾಕಿದ, ಒಂದು ಪಟ್ಟಿಯನ್ನು ಸಾಲಾಗಿ ನಕಲಿಸುವ ಲೀನಿಯರ್ ಪ್ಯಾಟರ್ನ್‌ನಲ್ಲಿ ಎಲ್ಲ ಕಡೆ ಒಂದೇ ಅಂತರ ಬರುತ್ತಿದೆ. 40ರಿಂದ 120 ಮಿ.ಮೀ.ವರೆಗೆ ನಿಧಾನಕ್ಕೆ ಹಿಗ್ಗುವ ಹಾಗೆ ಮಾಡುವುದು ಹೇಗೆ? ಪೈಥಾನ್ ಮ್ಯಾಕ್ರೋನೇ (ಸಣ್ಣ ಪ್ರೋಗ್ರಾಂ) ಬರೆಯಬೇಕಾ?

ಸಿಎನ್‌ಸಿಯವರದ್ದು (ಕಂಪ್ಯೂಟರ್ ಯಂತ್ರದಲ್ಲಿ ಹಲಗೆ ಕತ್ತರಿಸಿಕೊಡುವವರು) 6 ಮಿ.ಮೀ. ದಪ್ಪದ ದುಂಡು ಬಿಟ್, ಕಚ್ಚಿನ ಒಳಮೂಲೆ 3 ಮಿ.ಮೀ. ದುಂಡಗೆ ಉಳಿಯುತ್ತದೆ. ಪಟ್ಟಿ ಸರಿಯಾಗಿ ಕೂರಲು ಮೂಲೆಯಲ್ಲಿ ತೂತು ಕೊಡುವುದು ಗೊತ್ತು, ಆದರೆ ಎದುರಿಗೆ ಕಂಡರೆ ಚಂದ ಇರುವುದಿಲ್ಲ. ಆಟಿಯ ಮಳೆಗೆ ಪ್ಲೈ ಉಬ್ಬುತ್ತದೆ ಬೇರೆ. ಕಚ್ಚಿಗೆ ಎಷ್ಟು ಸಡಿಲ ಬಿಡುತ್ತೀರಿ? ಮಂಗಳೂರು, ಮಣಿಪಾಲದ ಕಡೆ ಮಾಡಿಸಿದವರು ದಯವಿಟ್ಟು ಹೇಳಿ. ಫೈಲ್ ಬೇಕಾದರೆ ಈಗಲೇ ಕಳಿಸುತ್ತೇನೆ.