ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) 2024-25: ಮೋಹನ್ ಬಾಗಾನ್‌ನ 56 ಪಾಯಿಂಟ್ ದಾಖಲೆಯನ್ನು ಹಳೇ ಸೀಸನ್‌ಗಳ ಜೊತೆ ಹೋಲಿಸೋದು ಹೇಗೆ?

ನೀಲಿ_ಶಾಲು:
ಮೋಹನ್ ಬಾಗಾನ್ ಸೂಪರ್ ಜೈಂಟ್ 56 ಪಾಯಿಂಟ್ ಮಾಡಿ ಶೀಲ್ಡ್ (ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಟ್ರೋಫಿ) ಗೆದ್ದಿತು, 50 ದಾಟಿದ ಮೊದಲ ತಂಡ ಅಂತ ಎಲ್ಲ ಕಡೆ ಬರೀತಾರೆ. ಅದು ಸರಿಯೇ. ಆದರೆ 2017-18ರಲ್ಲಿ ಇದ್ದದ್ದೇ 10 ತಂಡ, 18 ಮ್ಯಾಚ್. ನಮ್ಮ ಬೆಂಗಳೂರು ಎಫ್‌ಸಿ ಹದಿನೆಂಟನ್ನೂ ಗೆದ್ದಿದ್ದರೂ 54ಕ್ಕೇ ನಿಲ್ಲುತ್ತಿತ್ತು. ಹಾಗಿರುವಾಗ ಹೋಲಿಕೆಗೆ ಯಾವ ಲೆಕ್ಕ ಹಿಡಿಯಬೇಕು? ಇನ್ನೊಂದು ಗೊಂದಲ: ಬಾಗಾನ್ ಸೋತದ್ದು ಒಂದು ಕಡೆ 2 ಅಂತಿದೆ, ಇನ್ನೊಂದು ಕಡೆ 3. ಗೋಲು ಕೂಡ 47, 52 ಅಂತ ಎರಡು ಥರ. ಯಾವುದು ಸರಿ?

ಗೋಲ್‌ಕಿಕ್_24:
ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತೆ. ಎರಡೂ ಸರಿ. ಲೀಗ್ ಹಂತ ಮಾತ್ರ ತಗೊಂಡರೆ 24 ಮ್ಯಾಚ್, 17 ಗೆಲುವು, 5 ಡ್ರಾ, 2 ಸೋಲು. ಹೊಡೆದದ್ದು 47, ಬಿಟ್ಟುಕೊಟ್ಟದ್ದು 16. ಪ್ಲೇಆಫ್‌ನಲ್ಲಿ (ಲೀಗ್ ಮುಗಿದ ಮೇಲಿನ ನಾಕೌಟ್ ಹಂತ) ಜಮ್‌ಶೆಡ್‌ಪುರದ ವಿರುದ್ಧ ಸೆಮಿಫೈನಲ್‌ನ ಮೊದಲ ಲೆಗ್ 1-2 ಸೋಲು, ಎರಡನೆಯದು 2-0 ಗೆಲುವು. ಆಮೇಲೆ 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮೇಲೆ ಹೆಚ್ಚುವರಿ ಸಮಯದಲ್ಲಿ 2-1. ಈ ಮೂರನ್ನೂ ಸೇರಿಸಿದರೆ 27 ಮ್ಯಾಚ್, 3 ಸೋಲು, 52 ಗೋಲು. ಪಾಯಿಂಟ್ ದಾಖಲೆ ಲೀಗ್ ಹಂತದ್ದು, ಹಾಗಾಗಿ ಪ್ಲೇಆಫ್ ಅಂಕಿಗಳನ್ನು ಅದಕ್ಕೆ ಬೆರೆಸಬೇಡಿ.

ಇನ್ನು ಹೋಲಿಕೆ. ಒಟ್ಟು ಪಾಯಿಂಟನ್ನು ಮ್ಯಾಚ್ ಸಂಖ್ಯೆಯಿಂದ ಭಾಗಿಸಿ, ಎರಡು ದಶಮಾಂಶ ಸಾಕು:

ಮೋಹನ್ ಬಾಗಾನ್ 2024-25: 56/24 = 2.33
ಮುಂಬೈ ಸಿಟಿ 2022-23: 46/20 = 2.30
ಬೆಂಗಳೂರು ಎಫ್‌ಸಿ 2017-18: 40/18 = 2.22
ಮೋಹನ್ ಬಾಗಾನ್ 2023-24: 48/22 = 2.18
ಎಫ್‌ಸಿ ಗೋವಾ 2019-20: 39/18 = 2.17

ಅಂದರೆ ದಾಖಲೆ ಉಳಿಯುತ್ತೆ, ಆದರೆ 56 ಮತ್ತು 46 ಅಂತ ಓದಿದಾಗ ಕಾಣುವ ಹತ್ತು ಪಾಯಿಂಟಿನ ಅಂತರ ಕರಗಿಹೋಗುತ್ತೆ. 24 ಮ್ಯಾಚ್‌ಗೆ ಮುಂಬೈನ ಸರಾಸರಿ ಹಾಕಿದರೆ 55 ಚಿಲ್ಲರೆ ಬರುತ್ತೆ. ಅಷ್ಟೇ ವ್ಯತ್ಯಾಸ.

ಎರಡನೇ ಸ್ಥಾನದವರಿಗಿಂತ ಎಷ್ಟು ಮುಂದಿದ್ದರು ಅನ್ನೋದನ್ನೂ ನೋಡಿ. ಬಾಗಾನ್ 56, ಗೋವಾ 48: ಅಂತರ 8. 2017-18ರಲ್ಲಿ ಬೆಂಗಳೂರು 40, ಚೆನ್ನೈಯಿನ್ 32: ಅದೂ 8, ಆದರೆ ಆರು ಮ್ಯಾಚ್ ಕಡಿಮೆ ಆಡಿ. ಈ ಅಳತೆಯಲ್ಲಿ ಬೆಂಗಳೂರಿನದೇ ದೊಡ್ಡದು. ಆಗಿನ್ನೂ ಲೀಗ್ ಶೀಲ್ಡ್ ಬಂದಿರಲಿಲ್ಲ, ಅದು 2019-20ರಿಂದ ಶುರುವಾದದ್ದು. ಫೈನಲ್ಲನ್ನೂ ಕಂಠೀರವದಲ್ಲೇ ಚೆನ್ನೈಯಿನ್‌ಗೆ 2-3ರಲ್ಲಿ ಸೋತರು. ಹಾಗಾಗಿ ಅಂಥ ಸೀಸನ್ನಿಗೆ ಐಎಸ್‌ಎಲ್‌ನ ಒಂದು ಟ್ರೋಫಿಯೂ ಇಲ್ಲ, ಚರ್ಚೆಗಳಲ್ಲಿ ಹೆಸರೂ ಬರಲ್ಲ. ಇದು ದೊಡ್ಡ ಅನ್ಯಾಯ.

ಮಿಡ್‌ಫೀಲ್ಡ್_ಮೇಷ್ಟ್ರು:
ಗೋಲ್‌ಕಿಕ್ ಅವರ ಭಾಗಾಕಾರ ಸರಿ, ಆದರೆ ಒಂದು ತಕರಾರಿದೆ. 2022-23ರಲ್ಲಿ ಶೀಲ್ಡ್ ಖಚಿತವಾಗುವ ಹೊತ್ತಿಗೆ ಮುಂಬೈ 18 ಮ್ಯಾಚ್‌ನಲ್ಲಿ ಒಂದೂ ಸೋತಿರಲಿಲ್ಲ: 14 ಗೆಲುವು, 4 ಡ್ರಾ, 46 ಪಾಯಿಂಟ್, ಸರಾಸರಿ 2.56. ಆಮೇಲಿನ ಎರಡನ್ನೂ ಸೋತರು, ಬೆಂಗಳೂರಿಗೆ 1-2, ಈಸ್ಟ್ ಬೆಂಗಾಲ್‌ಗೆ 0-1. ಬಾಗಾನ್ ಶೀಲ್ಡ್ ಗೆದ್ದಾಗ 22 ಮ್ಯಾಚ್‌ಗೆ 52, ಅಂದರೆ 2.36. ಪೈಪೋಟಿ ಜೀವಂತವಾಗಿದ್ದ ಅವಧಿಯನ್ನಷ್ಟೇ ಅಳೆದರೆ ಮುಂಬೈ ಸಾಕಷ್ಟು ಮುಂದೆ. ಗೋಲಿನಲ್ಲೂ ಹಾಗೇ: 20 ಮ್ಯಾಚ್‌ಗೆ 54, ಬಾಗಾನ್ 24ಕ್ಕೆ 47.

ಹಾಗಾದರೆ ಬಾಗಾನ್ ಎಲ್ಲಿ ಗೆದ್ದಿತು? ಡಿಫೆನ್ಸ್‌ನಲ್ಲಿ. ಮುಂಬೈ ಬಿಟ್ಟುಕೊಟ್ಟದ್ದು 21, ಬಾಗಾನ್ 16. ಈ 16ನ್ನು ಬಿಡಿಸಿ ನೋಡಿದರೆ ನಿಜವಾದ ಕಥೆ ಸಿಗುತ್ತೆ. ಮೊದಲ ಮೂರೇ ಮ್ಯಾಚ್‌ನಲ್ಲಿ 7 ಗೋಲು ಹೋಗಿತ್ತು: ಮುಂಬೈ ಜೊತೆ 2-2, ನಾರ್ತ್‌ಈಸ್ಟ್ ಮೇಲೆ 3-2, ಸೆಪ್ಟೆಂಬರ್ 28ಕ್ಕೆ ಕಂಠೀರವದಲ್ಲಿ ಬೆಂಗಳೂರಿಗೆ 0-3 ಸೋಲು. ಉಳಿದ 21 ಮ್ಯಾಚ್‌ಗೆ ಬರೀ 9! ಒಟ್ಟು 15 ಕ್ಲೀನ್ ಶೀಟ್ (ಗೋಲೇ ಬಿಟ್ಟುಕೊಡದ ಮ್ಯಾಚ್). ಜನವರಿ 21ರಿಂದ ಫೆಬ್ರವರಿ 23ರವರೆಗೆ ಸತತ ಆರು ಮ್ಯಾಚ್ ಒಂದು ಗೋಲೂ ಹೋಗಲಿಲ್ಲ. ನಡುವೆ ಆಲ್ಬರ್ಟೊ ರೋಡ್ರಿಗಸ್, ಟಾಮ್ ಆಲ್ಡ್ರೆಡ್ ಜೋಡಿ ಕುದುರಿಕೊಂಡಿತು, ಹಿಂದೆ ಗೋಲ್‌ಕೀಪರ್ ವಿಶಾಲ್ ಕೈತ್, ಎಡಕ್ಕೆ ಸುಭಾಶಿಶ್ ಬೋಸ್. ಸುಭಾಶಿಶ್ ಡಿಫೆಂಡರ್ ಆಗಿದ್ದೂ 6 ಗೋಲು ಹೊಡೆದದ್ದು ಮೇಲಿನ ಲಾಭ.

1-0ರ ಗೆಲುವುಗಳನ್ನು ಎಣಿಸಿ: ಚೆನ್ನೈಯಿನ್, ಈಸ್ಟ್ ಬೆಂಗಾಲ್, ಬೆಂಗಳೂರು, ಒಡಿಶಾ. ನಾಲ್ಕು ಗೋಲಿಗೆ 12 ಪಾಯಿಂಟ್. ನಾಲ್ಕರಲ್ಲೂ ಒಂದೊಂದು ಗೋಲು ಬಿಟ್ಟುಕೊಟ್ಟಿದ್ದರೆ 8 ಪಾಯಿಂಟ್ ಹೋಗಿ 48ಕ್ಕೆ ಇಳಿಯುತ್ತಿತ್ತು.

ನೀಲಿ_ಶಾಲು:
ಮೇಷ್ಟ್ರೇ, ಆ ಮೂರು ಮ್ಯಾಚ್‌ನ ಏಳು ಗೋಲಿನ ವಿಷಯ ಗಮನಕ್ಕೇ ಬಂದಿರಲಿಲ್ಲ, ಥ್ಯಾಂಕ್ಸ್. ಇನ್ನೊಂದು: ಎರಡು ಮ್ಯಾಚ್ ಬಾಕಿ ಇರುವಾಗಲೇ ಶೀಲ್ಡ್ ಹೇಗೆ ಖಚಿತವಾಯಿತು? ಗೋವಾಗೆ ಇನ್ನೂ ಮೂರು ಮ್ಯಾಚ್ ಇತ್ತಲ್ಲ?

ಗೋಲ್‌ಕಿಕ್_24:
ಹಿಂದಿರುವ ತಂಡದ ಈಗಿನ ಪಾಯಿಂಟ್‌ಗೆ ಉಳಿದ ಮ್ಯಾಚ್ × 3 ಸೇರಿಸಿ. ಗೋವಾ 21 ಮ್ಯಾಚ್‌ಗೆ 42, ಉಳಿದ ಮೂರೂ ಗೆದ್ದರೆ 51. ಬಾಗಾನ್ ಒಡಿಶಾ ವಿರುದ್ಧ ಡ್ರಾ ಮಾಡಿದ್ದರೆ 50ರಲ್ಲಿ ನಿಂತು ಕಾಯಬೇಕಿತ್ತು. ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ 93ನೇ ನಿಮಿಷಕ್ಕೆ ದಿಮಿತ್ರಿ ಪೆಟ್ರಾಟೋಸ್ ಹೊಡೆದ ಗೋಲು 52ಕ್ಕೆ ಮುಟ್ಟಿಸಿತು, ಅಲ್ಲಿಗೆ ಮುಗಿಯಿತು. ಪಾಯಿಂಟ್ ಸಮ ಬರುವ ಹಾಗಿದ್ದರೆ ಮಾತ್ರ ತಲೆನೋವು: 2020-21ರಲ್ಲಿ ಮುಂಬೈ, ಎಟಿಕೆ ಮೋಹನ್ ಬಾಗಾನ್ (ಬಾಗಾನ್‌ನ ಆಗಿನ ಹೆಸರು) ಎರಡೂ 40ರಲ್ಲಿ ನಿಂತಾಗ, ಪರಸ್ಪರ ಆಡಿದ ಮ್ಯಾಚ್‌ಗಳ ಫಲಿತಾಂಶ ನೋಡಿ ಶೀಲ್ಡ್ ಮುಂಬೈಗೆ ಹೋಯಿತು.

ಮೇಷ್ಟ್ರ ತಕರಾರು ಅರ್ಧ ಒಪ್ಪುತ್ತೇನೆ. ಆದರೆ ಶೀಲ್ಡ್ ಕೈಗೆ ಬಂದ ಮೇಲೂ ಬಾಗಾನ್ ಮುಂಬೈನಲ್ಲಿ 2-2, ಗೋವಾ ಮೇಲೆ 2-0 ಮಾಡಿ ನಾಲ್ಕು ಪಾಯಿಂಟ್ ತಂದಿತು. ತವರಿನ 12ರಲ್ಲಿ 11 ಗೆಲುವು, 1 ಡ್ರಾ. ಎರಡೂ ಸೋಲು ಹೊರಗೆ, ಕಂಠೀರವದಲ್ಲಿ ಮತ್ತು ಗೋವಾದ ಫತೋರ್ಡಾದಲ್ಲಿ. ಬಿಗಿ ಸಡಿಲಿಸದೆ ಇರೋದೂ ದಾಖಲೆಯ ಭಾಗವೇ ಅಂತ ನನ್ನ ಎಣಿಕೆ.